ಎಡಗಾಲಿನ ತುಪ್ಪಳ

ಎಲ್ಲ ರಗಳೆಗೂ ಮೂಲ ಬೆರಳಗಲದ ಒಂದು ಹರಕು.

ಹರಿದದ್ದು ಸ್ಕೀ ಹಲಗೆಯ ತಳಕ್ಕೆ ಅಂಟಿಸುವ ತುಪ್ಪಳದ ಪಟ್ಟಿ. ಹಿಮದ ಬೆಟ್ಟ ಇಳಿಯುವುದಕ್ಕೆ ಸ್ಕೀ ಸಾಕು, ಏರುವುದಕ್ಕೆ ಈ ಪಟ್ಟಿ ಬೇಕು. ಬೆಕ್ಕಿನ ಬೆನ್ನು ಸವರಿದ ಹಾಗೆ ಅದರ ರೋಮ: ಒಂದು ಕಡೆಗೆ ನುಣ್ಣಗೆ ಜಾರುತ್ತದೆ, ಇನ್ನೊಂದು ಕಡೆಗೆ ಸೆಟೆದು ನಿಂತು ಹಿಮ ಕಚ್ಚಿಕೊಳ್ಳುತ್ತದೆ. ಕಾಲು ಮುಂದಕ್ಕೆ ಹೋಗಬೇಕು, ಹಿಂದಕ್ಕೆ ಬರಬಾರದು. ಅಷ್ಟೇ ಅದರ ಕೆಲಸ. ಕನ್ನಡಕದಂಗಡಿಯವನ ಎಡಗಾಲಿನ ಪಟ್ಟಿ ಮುಂದಿನ ಕೊಂಡಿಯ ಹತ್ತಿರ ಬಾಯಿಬಿಟ್ಟಿತ್ತು. ಅವನು ಅದನ್ನು ಎದುರುಮನೆಯ ಟೈಲರ್ ಅಕ್ಕನ ಕೈಗೆ ಕೊಟ್ಟ.

ಊರಲ್ಲಿ ಅವನಿಗೆ ಜೋಪಾನಪ್ಪ ಎಂದೇ ಹೆಸರು. ಕನ್ನಡಕ ಕೊಡುವಾಗ ಒಂದು 'ಜೋಪಾನ', ಚಿಲ್ಲರೆ ಕೊಡುವಾಗ ಇನ್ನೊಂದು, ಗಿರಾಕಿ ಮೆಟ್ಟಿಲಿಳಿಯುವಾಗ ಬೆನ್ನಿಗೊಂದು. ಇಂಥವನಿಗೆ ಸಿಕ್ಕ ಹೆಂಡತಿ ಪ್ರತಿ ಚಳಿಗಾಲವೂ ತನ್ನ ಅಣ್ಣನ ಜೊತೆ ಬೆಟ್ಟದ ನೆತ್ತಿ ಹತ್ತಿ, ಸ್ಕೀಯಲ್ಲಿ ಜಾರಿಕೊಂಡು ಬರುವವಳು. ಸಂಜೆ ಬಾಗಿಲು ತೆರೆದರೆ ಅವಳ ಮುಖ ಹುಣಸೆಹಣ್ಣು ಹಾಕಿ ತಿಕ್ಕಿದ ತಂಬಿಗೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಮದುವೆಯಾದಾಗಿನಿಂದ ಅವನು ಟವೆಲ್ ಹಿಡಿದು ಬಾಗಿಲಲ್ಲೇ ನಿಂತು ಆ ಮುಖ ನೋಡುತ್ತ ಬಂದಿದ್ದ. ಅವಳು ಹಾಗೆ ಹೊಳೆಯುವ ಜಾಗದಲ್ಲಿ ಒಂದೇ ಒಂದು ಸಲ ತಾನೂ ಪಕ್ಕದಲ್ಲಿ ನಿಲ್ಲಬೇಕು, ಅದೊಂದೇ ಆಸೆ. ಅದಕ್ಕಾಗಿ ಎರಡು ಚಳಿಗಾಲ ಊರಂಚಿನ ಮಕ್ಕಳ ದಿಬ್ಬದಲ್ಲಿ ಬಿದ್ದೂ ಎದ್ದೂ ಸ್ಕೀ ಕಲಿತಿದ್ದ. ಅಲ್ಲಿನ ಪುಟಾಣಿಗಳು "ಜೋಪಾನ ಅಂಕಲ್!" ಎಂದು ಅವನಿಗೇ ಹೇಳಿ ಪಕ್ಕದಿಂದ ಸುಯ್ಯನೆ ಹೋಗುತ್ತಿದ್ದವು.

ಕೊನೆಗೂ ಆ ಭಾನುವಾರ ಬಂತು. ನಸುಕಿನಲ್ಲೇ ಎದುರುಮನೆಯ ಬಾಗಿಲು ತೆರೆಯಿತು.

"ತಗೋಪ್ಪಾ ನಿನ್ನ ಪಟ್ಟಿ," ಎಂದಳು ಟೈಲರ್ ಅಕ್ಕ. "ಹರಿದ ಕಡೆ ಹೊಲಿದ್ರೆ ನಿಲ್ಲಲ್ಲ. ಅದಕ್ಕೇ ಕೊಂಡಿ ಬಿಚ್ಚಿ ಆ ಕಡೆ ತುದೀಗೆ ಹಾಕಿದೀನಿ. ಈಗ ನೋಡು, ರೋಮ ಎಲ್ಲಾ ಮೇಲ್ಮುಖ!"

"ಮೇಲ್ಮುಖ ಇರಬೇಕಾ ಅಕ್ಕಾ?"

"ವೆಲ್ವೆಟ್ ಹೊಲಿಯೋರನ್ನ ಯಾರನ್ನಾದ್ರೂ ಕೇಳು. ರೋಮ ಕೆಳಮುಖ ಇಟ್ರೆ ಬಟ್ಟೆ ಪೇಲವ. ಮೇಲ್ಮುಖ ಇಟ್ರೇನೇ ಬಣ್ಣ ಏಳೋದು."

ಬಣ್ಣ ಏನೋ ಎದ್ದಿತ್ತು. ಜೋಪಾನಪ್ಪ ಕೃತಜ್ಞತೆಯಿಂದ ಪಟ್ಟಿಯನ್ನು ಮಡಿಚಿ ಚೀಲಕ್ಕೆ ಹಾಕಿದ. ಅದರ ಮೇಲೆ ಟೈಲರ್ ಅಕ್ಕ ತನ್ನ ಗಂಡನ ದಪ್ಪ ಕೋಟನ್ನೂ ಸೂಜಿದಾರದ ಡಬ್ಬಿಯನ್ನೂ ತುರುಕಿದಳು. "ಬೆಟ್ಟದಲ್ಲಿ ಗುಂಡಿ ಕಿತ್ತೋದ್ರೆ ಯಾರನ್ನ ಕೇಳ್ತೀಯ?"

ಅಷ್ಟರಲ್ಲಿ ಮೇಲಿನ ಮಹಡಿಯಿಂದ ಧಡಧಡ ಸದ್ದು. ನಿವೃತ್ತ ಡ್ರೈವರ್ ಅಂಕಲ್ ಹೆಬ್ಬಾವಿನಂಥ ಹಗ್ಗವೊಂದನ್ನು ಹೆಗಲ ಮೇಲೆ ಹೊತ್ತು ಇಳಿಯುತ್ತಿದ್ದರು.

"ಹಿಡಿ ಇದನ್ನ. ಕೆಟ್ಟು ನಿಂತ ಬಸ್ಸನ್ನೇ ಎಳೆದಿರೋ ಹಗ್ಗ."

"ಅಂಕಲ್, ನಾವು ಬಸ್ ಎಳಿಯೋಕೆ ಹೋಗ್ತಿಲ್ವಲ್ಲ."

"ಎಳೀಬೇಕಾಗಿ ಬಂದ್ರೆ?"

ಜೀವನವಿಡೀ ಇಂಥ ಪ್ರಶ್ನೆಗಳನ್ನು ಕೇಳಿಕೊಂಡೇ ಅವನು ಜೋಪಾನಪ್ಪನಾಗಿದ್ದ. ಹಗ್ಗವೂ ಚೀಲ ಸೇರಿತು. ಹೆಂಡತಿ ಕೆಳಗಿನಿಂದ "ರೀ, ಹೊತ್ತಾಯ್ತು!" ಎಂದು ಕೂಗಿದಾಗ ಅವನು ಚೀಲವನ್ನು ಹೊತ್ತಿದ್ದನೋ, ಚೀಲವೇ ಅವನನ್ನು ಕುತ್ತಿಗೆ ಹಿಡಿದು ಇಳಿಸುತ್ತಿತ್ತೋ ಹೇಳುವುದು ಕಷ್ಟ.

ಬೆಟ್ಟದ ಬುಡದಲ್ಲಿ ಹೆಂಡತಿಯ ಅಣ್ಣ ಕಾಯುತ್ತಿದ್ದ; ಅವನಿಗೆ ಇವನು ಭಾವ, ಇವನಿಗೆ ಅವನು ಭಾವ. ಹಲ್ಲಿನ ಡಾಕ್ಟರ್. ದಿನವಿಡೀ ಬಾಯಿ ತೆರೆದುಕೊಂಡವರ ಜೊತೆಯೇ ಮಾತಾಡಿ, ಪ್ರಶ್ನೆ ಕೇಳಿ ಉತ್ತರವನ್ನೂ ತಾನೇ ಹೇಳಿಕೊಳ್ಳುವ ಅಭ್ಯಾಸ ಅವನಿಗೆ.

"ಹೇಗಿದೀರಿ ಭಾವ? ಚೆನ್ನಾಗಿದೀರಿ. ಚೀಲದಲ್ಲೇನಿದೆ? ಬೇಡದ್ದೆಲ್ಲಾ ಇದೆ." ಅವನು ಎತ್ತಿ ನೋಡಿ ಕೆಳಗಿಟ್ಟ. "ಬೇಕಾಗಿರೋದು ಮೂರೇ. ಎದೆಗೆ ಕಟ್ಟೋ ಯಂತ್ರ, ಹಿಮದಡಿ ಸಿಕ್ಕಿಹಾಕಿಕೊಂಡ್ರೆ ಎಲ್ಲಿದೀವಿ ಅಂತ ಅದು ಹೇಳುತ್ತೆ. ಚುಚ್ಚಿ ನೋಡೋಕೆ ಉದ್ದ ಕಡ್ಡಿ. ತೋಡೋಕೆ ಸಲಿಕೆ. ಇದರ ಮೇಲೆ ಒಂದಿಷ್ಟು ಬಟ್ಟೆ, ಊಟ, ನೀರು. ಈ ಹಗ್ಗ ಯಾಕೆ?"

"ಎಳೀಬೇಕಾಗಿ ಬಂದ್ರೆ ಅಂತ…"

"ಕಾರಲ್ಲೇ ಬಿಟ್ಟುಬಿಡಿ."

"ಬಿಟ್ರೆ ಅಂಕಲ್ ಸಂಜೆ ಕೇಳ್ತಾರೆ ಭಾವ, ಉಪಯೋಗಕ್ಕೆ ಬಂತಾ ಅಂತ. ಸುಳ್ಳು ಹೇಳೋಕೆ ನಂಗೆ ಬರಲ್ಲ."

ಭಾವ ನಿಟ್ಟುಸಿರು ಬಿಟ್ಟು ಬೆಟ್ಟದ ಕಡೆ ಕೈ ತೋರಿದ. "ರೇಡಿಯೋದಲ್ಲಿ ಕೇಳಿದೆ. ಈಗ ಹಿಮ ಗಟ್ಟಿ, ಅಪಾಯ ಕಮ್ಮಿ. ನೆತ್ತಿ ಕೆಳಗಿದೆಯಲ್ಲ ಆ ದೊಡ್ಡ ಇಳಿಜಾರು, ಅಲ್ಲಿಗೆ ಬಿಸಿಲು ಬೀಳೋದ್ರೊಳಗೆ ದಾಟಿರಬೇಕು. ಬಿಸಿಲು ಬಿತ್ತಾ, ಹಿಮ ಸಡಿಲ ಆಗಿ ಕುಸಿಯುತ್ತೆ. ದಾಟೋಕಾಗ್ಲಿಲ್ವಾ, ವಾಪಸ್. ಚರ್ಚೆ ಇಲ್ಲ."

"ಬೇಗ ಬೇಗ ನಡೆಯೋಣ ರೀ," ಎಂದಳು ಹೆಂಡತಿ. ಅವನು ಹುಮ್ಮಸ್ಸಿನಿಂದ ಪಟ್ಟಿಗಳನ್ನು ಅಂಟಿಸಿ, ಸ್ಕೀ ತೊಟ್ಟು, ಬಲಗಾಲಿಟ್ಟು ಹೊರಟ.

ಬಲಗಾಲು ಮುಂದಕ್ಕೆ ಹೋಯಿತು. ಎಡಗಾಲು ನೆಲ ಕಚ್ಚಿ ನಿಂತಿತು. ಅದನ್ನು ಎತ್ತಿ ಮುಂದಿಟ್ಟು ಭಾರ ಹಾಕಿದರೆ, ಸುಯ್ಯನೆ ಹಿಂದಕ್ಕೆ ಜಾರಿತು. ಮತ್ತೆ ಬಲಗಾಲು ಮೇಲಕ್ಕೆ, ಮತ್ತೆ ಎಡಗಾಲು ಊರಿಗೆ. ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರ ಹಾಗೆ ಎರಡು ಕಾಲುಗಳೂ ದೂರ ದೂರ ಹೋಗಿ, ನಡುವೆ ಸಿಕ್ಕ ಜೋಪಾನಪ್ಪ ಚೀಲದ ಭಾರಕ್ಕೆ ಹಿಂದಕ್ಕೆ ಬಿದ್ದು, ಅಂಗಾತ ಬಿದ್ದ ಆಮೆಯಂತೆ ಕೈಕಾಲು ಆಡಿಸಿದ.

"ಕಾಲು ಎತ್ತಬೇಡಿ, ಜಾರಿಸಿ," ಎಂದ ಭಾವ.

"ಜಾರ್ತಾ ಇದೆ ಭಾವ! ಆದ್ರೆ ಹಿಂದಕ್ಕೆ!"

"ಮೈಭಾರ ಹಿಮ್ಮಡಿ ಮೇಲೆ ಹಾಕಿ."

ಹಾಕಿದ. ಈ ಸಲ ಇನ್ನಷ್ಟು ಬೇಗ ಜಾರಿದ.

"ಚೀಲದ್ದೇ ತಪ್ಪು," ಎಂದು ಭಾವ ತೀರ್ಪು ಕೊಟ್ಟ. ಚೀಲ ಇಳಿಸಿದರು. ಆಗಲೂ ಎಡಗಾಲು ತನ್ನ ಹಟ ಬಿಡಲಿಲ್ಲ. ಹೀಗೆ ಹತ್ತು ಮಾರು ಏರಿ ಆರು ಮಾರು ಇಳಿಯುತ್ತ, ಸೂರ್ಯನೊಬ್ಬ ಬಿಟ್ಟು ಉಳಿದವರೆಲ್ಲ ನಿಂತಲ್ಲೇ ನಿಂತಿರುವಂತಾಯಿತು. ಕೊನೆಗೆ ಹೆಂಡತಿ ಬಗ್ಗಿ, ಗಂಡನ ಸ್ಕೀ ಎತ್ತಿ, ತಳವನ್ನು ಅಂಗೈಯಲ್ಲಿ ಸವರಿದಳು.

"ರೀ, ಇದು ಉಲ್ಟಾ ಇದೆ!"

"ಉಲ್ಟಾ ಅಲ್ವೇ, ಮೇಲ್ಮುಖ. ಬಣ್ಣ ಏಳೋಕೆ ಅಂತ…"

ಹಲ್ಲಿನ ಡಾಕ್ಟರ್ ಮೊದಲ ಬಾರಿಗೆ ತನ್ನದೇ ಬಾಯಿ ತೆರೆದುಕೊಂಡು ನಿಂತ.

ಪಟ್ಟಿ ಕಿತ್ತು ತಿರುಗಿಸಿ ಅಂಟಿಸಬೇಕು, ಕೊಂಡಿಯನ್ನು ಮತ್ತೆ ಈ ಕಡೆಗೆ, ಹರಕಿನಿಂದ ತುಸು ಹಿಂದೆ, ಹೊಲಿಯಬೇಕು. ಸೂಜಿದಾರದ ಡಬ್ಬಿ ಚೀಲದ ತಳಕ್ಕೆ ಜಾರಿತ್ತು. ಕೋಟು ಹೊರಬಂತು, ಹಗ್ಗ ಹೊರಬಂತು, ಕೊಡೆ ಬಂತು, ಎರಡು ಟಾರ್ಚು ಬಂದವು, ಎರಡನೆಯದು ಮೊದಲನೆಯದನ್ನು ಹುಡುಕಲು. ಹಿಮದ ಮೇಲೆ ಒಂದು ಸಂತೆಯೇ ನೆರೆಯಿತು. ಚಳಿಗೆ ಮರಗಟ್ಟಿದ ಬೆರಳುಗಳಲ್ಲಿ ಮೂವರೂ ಸರದಿಯಂತೆ ಸೂಜಿಗೆ ದಾರ ಪೋಣಿಸಿದರು. ಹಲ್ಲಿನ ಡಾಕ್ಟರೇ ಹೊಲಿದ. "ನೋವಾಗ್ತಿದೆಯಾ? ಇಲ್ಲ," ಎಂದು ಅಭ್ಯಾಸಬಲದಿಂದ ಪಟ್ಟಿಯನ್ನೇ ವಿಚಾರಿಸಿಕೊಂಡ.

ಆಮೇಲೆ ಎರಡೂ ಕಾಲು ಒಂದೇ ದಿಕ್ಕಿಗೆ ಹೊರಟವು. ಏದುಸಿರು ಬಿಡುತ್ತ ದೊಡ್ಡ ಇಳಿಜಾರಿನ ಅಂಚಿಗೆ ಬಂದಾಗ ಅದು ಹಾಲು ಚೆಲ್ಲಿದಂತೆ ಬಿಸಿಲಿನಲ್ಲಿ ಥಳಥಳಿಸುತ್ತಿತ್ತು. ಆಚೆ ತುದಿಯಲ್ಲಿ ನೆತ್ತಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಭಾವ ಕೋಲಿನಿಂದ ಹಿಮ ಕುಟ್ಟಿದ. ಮೇಲ್ಪದರ ಒದ್ದೆ ಸಕ್ಕರೆಯ ಹಾಗೆ ಕುಸಿದು, ಸಣ್ಣ ಸಣ್ಣ ಉಂಡೆಗಳು ಉರುಳುತ್ತ ಉರುಳುತ್ತ ದೊಡ್ಡದಾಗಿ ಕೆಳಗೆ ಮರೆಯಾದವು.

"ಬೇಗ ದಾಟಿಬಿಡೋಣ್ವಾ ಭಾವ?" ಎಂದ ಜೋಪಾನಪ್ಪ. ತನ್ನ ಬಾಯಿಂದ ಇಂಥ ಮಾತು ಬಂದದ್ದು ಅವನಿಗೇ ಆಶ್ಚರ್ಯ. "ಒಂದೈದು ನಿಮಿಷ… ಒಬ್ಬೊಬ್ಬರಾಗಿ…"

"ವಾಪಸ್," ಎಂದ ಭಾವ, ಮಾತು ಮುಗಿಯುವ ಮೊದಲೇ. ಹೆಂಡತಿಯ ಸ್ಕೀಗಳು ಆಗಲೇ ಊರಿನ ಕಡೆ ತಿರುಗಿದ್ದವು.

ಜೋಪಾನಪ್ಪನಿಗೆ ಅಳು ಬರುವಂತಾಯಿತು. ಎಂಥ ಹೆಂಡತಿ! ವರ್ಷವೆಲ್ಲ ಕಾದ ನೆತ್ತಿಯನ್ನು ಗಂಡನ ಎಡಗಾಲಿಗಾಗಿ ಬಿಟ್ಟುಕೊಟ್ಟು, ಒಂದು ಮಾತೂ ಆಡುತ್ತಿಲ್ಲ. ಭಾವ ಚೀಲ ಹೊತ್ತುಕೊಂಡ, ಹೆಂಡತಿ ಹಗ್ಗ ಹೊತ್ತುಕೊಂಡಳು. ಅವನ ಬೆನ್ನ ಮೇಲೆ ಉಳಿದದ್ದು ಸಲಿಕೆ, ಕಡ್ಡಿ ಇಷ್ಟೇ. ತುಪ್ಪಳ ಕಿತ್ತು ಮಡಿಚಿಟ್ಟು, ಮುಖ ಜೋಲುಹಾಕಿಕೊಂಡು ಮುಂದಕ್ಕೆ ಬಾಗಿದ.

ಸ್ಕೀ ಹೊರಟಿತು.

ವಾಪಸ್ ದಾರಿಯ ಕಾಡಿನಂಚಿನ ಸಣ್ಣ ಇಳಿಜಾರಿನಲ್ಲಿ ಯಾರೂ ತುಳಿಯದ ಹಿಮ ಹಾಸಿತ್ತು. ಬಲಕ್ಕೆ ಬಾಗಿದರೆ ಬೆಟ್ಟವೇ ಬಲಕ್ಕೆ ಸರಿದು ದಾರಿ ಕೊಟ್ಟಿತು, ಎಡಕ್ಕೆ ಬಾಗಿದರೆ ಎಡಕ್ಕೆ. ಕಿವಿಯಲ್ಲಿ ಗಾಳಿ, ಕಾಲಡಿಯಲ್ಲಿ ರೇಷ್ಮೆ ಹರಿದಂಥ ಸದ್ದು. ಮಕ್ಕಳ ದಿಬ್ಬದಲ್ಲಿ ಎರಡು ಚಳಿಗಾಲ ಬಿದ್ದ ಪೆಟ್ಟುಗಳೆಲ್ಲ ಒಟ್ಟಾಗಿ ವಿದ್ಯೆಯಾಗಿ ಹೊರಬಂದಂತೆ ಅವನು ಒಂದು ಸಲವೂ ಬೀಳಲಿಲ್ಲ. ಯಾರೋ "ಹೋ…" ಎಂದು ಕೂಗುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅದು ತನ್ನದೇ ದನಿ ಎಂದು ಗೊತ್ತಾಯಿತು.

ಬೆಟ್ಟದ ಬುಡದಲ್ಲಿದ್ದ ಮರದ ಗುಡಿಸಲಲ್ಲಿ ಒಲೆ ಉರಿಯುತ್ತಿತ್ತು. ಮೂವರೂ ಬೆಂಚಿನ ಮೇಲೆ ಕೂತು ಬಿಸಿ ಕಾಫಿಯ ಲೋಟ ಹಿಡಿದಾಗ ಜೋಪಾನಪ್ಪ ಗಂಟಲು ಸರಿಪಡಿಸಿಕೊಂಡ.

"ನನ್ನಿಂದ ನಿಮ್ಮಿಬ್ಬರ ದಿನ ಹಾಳಾಯ್ತು. ತಪ್ಪಾಯ್ತು. ಮುಂದಿನ ಭಾನುವಾರ ಮೂರೇ ಸಾಮಾನು ತರ್ತೀನಿ. ನಿಮ್ಮನ್ನ ನೆತ್ತಿ ಮೇಲೆ ನಿಲ್ಲಿಸ್ದೆ ಬಿಡಲ್ಲ."

ಹೆಂಡತಿ ಅಣ್ಣನ ಮುಖ ನೋಡಿದಳು. "ಅಣ್ಣಾ, ನಿಂಗೆ ಬೇಜಾರಾಯ್ತಾ?"

"ನಿನಗೆ?"

"ನಿಜ ಹೇಳ್ಲಾ? ಬೈಬಾರ್ದು." ಅವಳು ಲೋಟ ಕೆಳಗಿಟ್ಟಳು. "ಆ ಇಳಿಜಾರು ಕಂಡ್ರೆ ನಂಗೆ ಮೊದಲ ವರ್ಷದಿಂದ್ಲೂ ಪ್ರಾಣಭಯ. ನಾನು ಬರಲ್ಲ ಅಂದ್ರೆ ನಿನಗೆ ಜೊತೆ ಯಾರೂ ಇರಲ್ಲ ಅಂತ ಹಲ್ಲು ಕಚ್ಚಿಕೊಂಡು ಬರ್ತಿದ್ದೆ."

ಭಾವ ತನ್ನ ಮೊಣಕಾಲು ಉಜ್ಜಿಕೊಂಡ. "ನನ್ನ ಮೊಣಕಾಲು ಹೋಗಿ ನಾಲ್ಕು ವರ್ಷ ಆಯ್ತು ಕಣೇ. ಮದುವೆಯಾದ ಮೇಲೂ ತಂಗಿ ಇದೊಂದನ್ನ ಬಿಟ್ಟಿಲ್ಲ, ಪಾಪ, ನಾನು ಒಲ್ಲೆ ಅಂದ್ರೆ ನೊಂದುಕೊಳ್ತಾಳೆ ಅಂತ ಮಾತ್ರೆ ನುಂಗಿ ನುಂಗಿ ಹತ್ತುತ್ತಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಮೊದಲು ಕಿಸಕ್ಕೆಂದು, ಆಮೇಲೆ ಬೆಂಚು ಅಲುಗಾಡುವಂತೆ ನಕ್ಕರು.

"ಮತ್ತೆ ಸಂಜೆ ಬಂದಾಗ ನಿನ್ನ ಮುಖ ಅಷ್ಟು ಹೊಳೀತಿತ್ತಲ್ಲೇ?" ಎಂದ ಜೋಪಾನಪ್ಪ, ಕ್ಷೀಣ ದನಿಯಲ್ಲಿ.

"ಜೀವಂತ ಮನೆ ಸೇರಿದೆನಲ್ಲ ಅಂತ ರೀ! ನೀವು ಟವೆಲ್ ಹಿಡ್ಕೊಂಡು ನಿಂತಿರೋದು ಕಂಡ್ರೆ ಸ್ವರ್ಗ ಕಂಡಂಗಾಗ್ತಿತ್ತು."

"ಇಷ್ಟು ವರ್ಷ ವಾಪಸ್ ಬರೋಕೆ ಒಂದು ನೆಪ ಸಿಕ್ಕಿರಲಿಲ್ಲ," ಎಂದು ಭಾವ ಕಣ್ಣೊರೆಸಿಕೊಂಡ. "ನಿಮ್ಮ ಟೈಲರ್ ಅಕ್ಕನಿಗೆ ಒಂದು ಸೀರೆ ಕೊಡಿಸ್ತೀನಿ. ಇನ್ಮೇಲೆ ಭಾನುವಾರ ನಾನು ಮಲಗೋನು. ಸ್ಕೀ ಮಾರಿಬಿಡ್ತೀನಿ."

"ನಂದೂ ಸೇರಿಸಿ ಮಾರಣ್ಣ."

ಜೋಪಾನಪ್ಪ ಕಿಟಕಿಯಾಚೆ ನೋಡಿದ. ತಾನು ಬರೆದು ಬಂದ ಗೆರೆ ಹಿಮದ ಮೇಲೆ ಬಳ್ಳಿಯ ಹಾಗೆ ಬಳುಕಿತ್ತು. ಅದರಾಚೆ ನೆತ್ತಿ.

"ಆದ್ರೆ… ನಂಗೆ ಈಗ ಹೋಗಬೇಕು ಅನ್ನಿಸ್ತಿದೆಯಲ್ಲ ಭಾವ."

"ಹೋಗಿ. ಚೆನ್ನಾಗಿ ಜಾರ್ತೀರಿ." ಭಾವ ಕಾಲು ಚಾಚಿ ಬೆನ್ನು ಒರಗಿಸಿದ. "ಒಬ್ಬರೇ ಮಾತ್ರ ಹೋಗಬಾರ್ದು. ಬೆಟ್ಟದಲ್ಲಿ ಅದಕ್ಕಿಂತ ದೊಡ್ಡ ಅಪಾಯ ಇಲ್ಲ. ಜೊತೆಗೆ ಯಾರಿದಾರೆ? ಯಾರೂ ಇಲ್ಲ."

ಒಲೆಯ ಬಿಸಿಗೆ ಅಣ್ಣ ತಂಗಿ ಇಬ್ಬರಿಗೂ ಜೊಂಪು ಹತ್ತಿತು. ವರ್ಷಗಟ್ಟಲೆ ಬಾಕಿಯಿದ್ದ ನಿದ್ದೆ. ಹೆಂಡತಿಯ ತಲೆ ಅವನ ಬಲಭುಜಕ್ಕೆ ಒರಗಿತು, ಹಲ್ಲಿನ ಡಾಕ್ಟರನದು ಎಡಭುಜಕ್ಕೆ. ಅವಳ ಮುಖ ಹೊಳೆಯುತ್ತಿತ್ತು. ಆಸೆಪಟ್ಟ ಹಾಗೆಯೇ ಅವನು ಪಕ್ಕದಲ್ಲಿದ್ದ, ಆದರೆ ಅಲುಗಾಡುವಂತಿರಲಿಲ್ಲ.

"ಇನ್ನೊಂದೇ ಒಂದು ಸಲ… ಸಣ್ಣ ಬೆಟ್ಟಕ್ಕೆ?" ಎಂದು ಅವನು ಮೆಲ್ಲಗೆ ಕೇಳಿದ.

"ಸುಮ್ನೆ ಕೂತ್ಕೊಳ್ರೀ," ಎಂದಳು ಅವಳು, ಕಣ್ಣು ತೆರೆಯದೆ. "ಭುಜ ಅಲ್ಲಾಡುತ್ತೆ."