ಟ್ಯಾಂಕು, ಟೇಲ್ ಮತ್ತು ಡೇರೆ ಗಿಡ

ಮನುಷ್ಯನ ನೆನಪನ್ನು ನಂಬಬಾರದು ಎಂಬುದು ವಿಶ್ವವಿದ್ಯಾಲಯ ನನಗೆ ಕಲಿಸಿದ ದೊಡ್ಡ ಪಾಠ. ಕಲಿಸಿದವರ ಹೆಸರು ಮರೆತಿದೆ.

ಹಾಗಾಗಿ ಕೊಪ್ಪದ ನಮ್ಮ ಮನೆಯ ನೀರಿನ ಟ್ಯಾಂಕಿಗೆ ಒಂದು ಸೆನ್ಸರ್ ಕೂರಿಸಿದೆ. ನೀರು ಎಷ್ಟಿದೆ ಎಂದು ಅದು ಲ್ಯಾಪ್‌ಟಾಪಿನ ಒಂದು ಫೈಲಿನಲ್ಲಿ ಆಗಾಗ ಒಂದು ಸಾಲು ಬರೆಯುತ್ತದೆ. 'ಟೇಲ್' ಎಂಬ ಕಮಾಂಡ್ ಕೊಟ್ಟರೆ ಆ ಫೈಲಿನ ಕೊನೆಯ ಕೆಲವು ಸಾಲುಗಳು ಮಾತ್ರ ಕಾಣುತ್ತವೆ. ಜೊತೆಗೊಂದು 'ಎಫ್' ಸೇರಿಸಿದರೆ ಹೊಸ ಸಾಲು ಬಂದಂತೆಲ್ಲ ತಾನಾಗಿಯೇ ತೋರಿಸುತ್ತಾ ಕೂರುತ್ತದೆ. ಟೆರೇಸ್ ಹತ್ತಿ, ಮುಚ್ಚಳ ತೆಗೆದು ಇಣುಕುವ ಅನಾಗರಿಕ ಪದ್ಧತಿ ನಮ್ಮಲ್ಲಿ ಅಲ್ಲಿಗೆ ಕೊನೆಗೊಂಡಿತು!

ಆ ಭಾನುವಾರ ನರಸಿಂಹರಾಜಪುರದಿಂದ ಮಗಳನ್ನು ನೋಡಲು ಬರುವವರಿದ್ದರು. ಹುಡುಗನೂ ಮಗಳೂ ಆಗಲೇ ಒಪ್ಪಿಕೊಂಡಾಗಿತ್ತು. ಒಪ್ಪಬೇಕಾದದ್ದು ಹುಡುಗನ ಅಮ್ಮ ಮಾತ್ರ.

"ಅಪ್ಪಯ್ಯ, ಅವರು ಭಾರೀ ಶಿಸ್ತಂತೆ. ಇವತ್ತೊಂದು ದಿನ ಎಂತದೂ ಪ್ರಯೋಗ ಮಾಡಬೇಡಿ," ಎಂದಳು ಮಗಳು.

ಮಾಡಲಿಲ್ಲ. ಮೋಟರ್ ಹಾಕಿ, ಟೇಲ್ ಹಚ್ಚಿ ಕೂತೆ, ಅಷ್ಟೆ. ಆದರೆ ಸುಮ್ಮನಿರದ ಕೈ! ಫೈಲು ತೀರಾ ಉದ್ದವಾಯಿತೆಂದು ಅದಕ್ಕೆ 'ಹಳೆಯದು' ಎಂದು ಹೆಸರು ಬದಲಿಸಿದೆ. ಮರೆತೆ.

"ರೀ, ಟ್ಯಾಂಕ್ ತುಂಬ್ತಾ?" ಅಡುಗೆಮನೆಯಿಂದ ಹೆಂಡತಿ ಸುಮಾ ಕೇಳಿದಳು.

"ಅರ್ಧ."

ಕೇಸರಿಬಾತಿನ ಪರಿಮಳ ಬಂತು. "ಈಗ?"

"ಅರ್ಧ."

"ಆಗಿಂದ ಅರ್ಧವಾ? ಒಂದ್ಸಲ ಮೇಲೆ ಹೋಗಿ ನೋಡಿ ಮಾರಾಯ್ರೆ!"

"ಸುಮಾ, ಕಣ್ಣು ಮೋಸ ಮಾಡಬಹುದು. ದಾಖಲೆ ಮೋಸ ಮಾಡುವುದಿಲ್ಲ."

ಅಷ್ಟರಲ್ಲಿ ಅವರು ಬಂದರು. ಹುಡುಗನ ಅಮ್ಮ ಮಾತ್ರ ಒಳಗೆ ಬರಲೇ ಇಲ್ಲ. ಮೆಟ್ಟಿಲ ಪಕ್ಕ ನಮ್ಮ ಡೇರೆ ಹೂ, ಪೇಟೆಯವರ ಡೇಲಿಯಾ, ಅರಳಿತ್ತು. ಒಳ್ಳೇ ಡೇರೆ ಕಂಡೂ ಸುಮ್ಮನೆ ದಾಟಿ ಬರುವ ಹೆಂಗಸು ನಮ್ಮ ಮಲೆನಾಡಿನಲ್ಲಿ ಇನ್ನೂ ಹುಟ್ಟಿಲ್ಲ.

"ಈ ಬಣ್ಣ ನಮ್ಮಲ್ಲಿಲ್ಲ. ಒಂದು ಗೆಡ್ಡೆ ಸಿಗ್ತದಾ?" ಎನ್ನುತ್ತಾ ಬಗ್ಗಿದರು.

ಟ್ಯಾಂಕ್ ತುಂಬಿದರೆ ಹೆಚ್ಚಿನ ನೀರು ಹಾಳಾಗದಿರಲಿ ಎಂದು ಪೈಪನ್ನು ಆ ಗಿಡದ ಕಡೆಗೇ ತಿರುಗಿಸಿಟ್ಟ ದೂರದೃಷ್ಟಿಯೂ ನನ್ನದೇ.

ಟ್ಯಾಂಕ್ ತುಂಬಿತು! ರೇಷ್ಮೆ ಸೀರೆಯ ಮೇಲೆ ಸಿರಿಮನೆ ಜಲಪಾತ!

ಸುಮಾ ಟವೆಲ್ ಹಿಡಿದು ಓಡಿದಳು. ನಾನು ಲ್ಯಾಪ್‌ಟಾಪ್ ಹಿಡಿದು ಓಡಿದೆ. "ನೋಡಿ, ಟ್ಯಾಂಕ್ ಅರ್ಧವೇ ಇದೆ!"

ಸೆನ್ಸರ್ ಮೊದಲಿನ ಹೆಸರಿನಲ್ಲೇ ಇನ್ನೊಂದು ಹೊಸ ಫೈಲ್ ತೆರೆದು 'ತುಂಬಿದೆ, ತುಂಬಿದೆ' ಎಂದು ಬರೆಯುತ್ತಲೇ ಇತ್ತಂತೆ. ನನ್ನ ಟೇಲ್ ಮಾತ್ರ, ನಾನು ಹೆಸರು ಬದಲಿಸಿದ ಫೈಲನ್ನೇ ನಿಷ್ಠೆಯಿಂದ ಕಾಯುತ್ತಿತ್ತು. ಇದು ತಿಳಿದದ್ದು ಆಮೇಲೆ.

ಆ ತಾಯಿ ಪರದೆ ನೋಡಿದರು, ಸೀರೆ ನೋಡಿದರು, ನನ್ನನ್ನು ನೋಡಿದರು. ಮಗಳನ್ನು ಕೇಳಿದರು: "ಇವರು ಯಾವಾಗ್ಲೂ ಹೀಗೆಯಾ?"

"ಹೌದು," ಎಂದಳು ಮಗಳು, ಅಳು ತಡೆದು.

ಅಷ್ಟರಲ್ಲಿ ಅವರ ಯಜಮಾನರು ನನ್ನ ಪಕ್ಕ ಬಂದು ಪರದೆಗೆ ಮೂಗು ತಾಗಿಸಿದ್ದರು. "ಎಫ್ ಹಾಕಿದ್ರಾ? ನಾನು ಗೋಬರ್ ಗ್ಯಾಸಿಗೆ ಇದನ್ನೇ ಮಾಡಿದ್ದೆ. ಮುಚ್ಚಳ ಹಾರಿತು."

ಆಕೆ ತಲೆ ಒರೆಸಿಕೊಳ್ಳುತ್ತಾ ಮಗಳ ಕೈ ಹಿಡಿದರು. "ನಿಂಗೆ ಅಭ್ಯಾಸ ಉಂಟಲ್ಲ, ಸಾಕು. ನಮ್ಮನೇಲಿ ಕಷ್ಟ ಆಗ್ಲಿಕ್ಕಿಲ್ಲ."

ಸಂಬಂಧ ಕುದುರಿತು! ನನ್ನಿಂದಲೇ ಎಂದು ನಾನು ಎದೆಯುಬ್ಬಿಸುವಷ್ಟರಲ್ಲಿ ಸುಮಾ ಕೂಗಿದಳು, "ರೀ, ಮೋಟರ್ ಆಫ್ ಮಾಡಿದ್ರಾ?"

ಮಾಡಿದ ನೆನಪು. ಆದರೆ ನೆನಪನ್ನು ನಂಬಬಾರದಲ್ಲ, ಟೇಲ್ ನೋಡಿದೆ.

ಅರ್ಧ.