ಮಗಳ ಮನೆ ಮುಂದೆ ಟೆಂಟು

ನಮ್ಮ ಮನೆಯವರು ನೆಂಟರ ಮನೆಗೆ ಸುಮ್ಮನೆ ಹೋಗಿ ಸುಮ್ಮನೆ ಬಂದದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ನೋಡಿಯೇ ಇಲ್ಲ. ಒಂದಲ್ಲ ಒಂದು ಆಗಿಯೇ ಆಗುತ್ತದೆ. ಈ ಬೇಸಿಗೆ ರಜೆಯಲ್ಲಿ ಗಾವಡಗೆರೆಯಿಂದ ಬೀಚನಹಳ್ಳಿಗೆ ಹೋಗಿಬಂದದ್ದನ್ನು ನೆನೆಸಿಕೊಂಡರೆ ಈಗ ನಗು ಬರುತ್ತದೆ. ಅವತ್ತು ಮಾತ್ರ ಜೀವ ಬಾಯಿಗೆ ಬಂದಿತ್ತು.

ಸೂರು

ಕಾಡಂಚಿನ ಬೀಚನಹಳ್ಳಿಯಲ್ಲಿರುವುದು ನಮ್ಮ ಯಜಮಾನರ ಅಕ್ಕ. ಅವರ ಗೃಹಪ್ರವೇಶಕ್ಕೆ ನಮ್ಮತ್ತೆ ಒಂದು ಟೆಂಪೋ ತುಂಬ ಜನ ಕರೆದುಕೊಂಡು ಹೋಗಿದ್ದರು. ಕೆಲಸದ ಗಡಿಬಿಡಿಯಲ್ಲಿ ಅಕ್ಕ, "ನಿನ್ನ ಕರುದ್ರೆ ಊರ್ನೇ ಹೊತ್ಕೊಂಡು ಬಂದಿದ್ದೀಯಲ್ಲವ್ವ, ಎಲ್ಲಿ ಮನಗುಸ್ಲಿ ಇವರ್ನೆಲ್ಲ" ಅಂದುಬಿಟ್ಟರು. ಅತ್ತೆ ಅಲ್ಲೇ, "ಇನ್ನು ನಿನ್ನ ಸೂರಿನ ಕೆಳಗೆ ತಲೆ ಇಡಾಕಿಲ್ಲ" ಎಂದು ಶಪಥ ಮಾಡಿ ಬಂದರು. ಅಲ್ಲಿಂದಾಚೆ ತಾಯಿ ಮಗಳಿಗೆ ಮಾತಿಲ್ಲ. ಅತ್ತೆ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಕೇಳಿದರೆ ಒಲೆ ಹೊಗೆ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿರುವುದು ಗ್ಯಾಸ್.

ಕೊನೆಗೆ ನಮ್ಮ ಯಜಮಾನರು ರೆಸಾರ್ಟಿನಲ್ಲಿ ಕೆಲಸ ಮಾಡುವ ಸ್ನೇಹಿತನಿಂದ ಒಂದು ಟೆಂಟು ಕೇಳಿ ತಂದರು. "ಅವ್ವ, ಅಕ್ಕನ ಅಂಗಳದಲ್ಲಿ ಇದನ್ನ ಹಾಕ್ತೀನಿ. ಇದರ ಸೂರು ಬಟ್ಟೇದು. ಶಪಥಕ್ಕೇನೂ ಆಗಲ್ಲ."

"ಅಂಗಾದ್ರೆ ಬತ್ತೀನಿ. ಆದ್ರೆ ಅವಳ ಮನೆ ನೀರೂ ಮುಟ್ಟಾಕಿಲ್ಲ" ಅಂದರು ಅತ್ತೆ.

ಹತ್ತನೇ ಕ್ಲಾಸಿಗೆ ಓದು ಬಿಟ್ಟ ನನಗೇ ಇದು ಹುಚ್ಚಾಟ ಅನ್ನಿಸಿತು. ನಮ್ಮ ಯಜಮಾನರು ಡಿಗ್ರಿ ಮಾಡಿದವರು.

ಸೌದೆ

ನೀರೂ ಮುಟ್ಟುವುದಿಲ್ಲ ಅಂದಮೇಲೆ ಬಾಡಿಗೆ ವ್ಯಾನಿಗೆ ಕ್ಯಾನುಗಳಲ್ಲಿ ನೀರು, ಅಕ್ಕಿ, ರಾಗಿ ಹಿಟ್ಟು, ಪಾತ್ರೆ, ಜೊತೆಗೆ ಒಂದು ಹೊರೆ ಸೌದೆ ಹತ್ತಿತು. ನಾನೂ ನನ್ನ ಮಗಳೂ ಸೌದೆಯ ಸಂದಿಯಲ್ಲಿ ಕೂತೆವು. ಕೋಟೆ ಪಟ್ಟಣ ದಾಟಿ ಟೀ ಅಂಗಡಿ ಮುಂದೆ ನಿಲ್ಲಿಸಿದರೆ, ಅಲ್ಲಿದ್ದ ಫಾರೆಸ್ಟ್ ಗಾರ್ಡ್ ಒಬ್ಬರು ಲೋಟ ಹಿಡಿದೇ ಬಂದು ಒಳಗೆ ಬಗ್ಗಿ ನೋಡಿದರು.

"ಎಲ್ಲೀದು ಸೌದೆ?"

"ಗಾವಡಗೆರೇದು ಸಾರ್. ನಮ್ಮ ಹೊಲದ್ದು" ಅಂದರು ನಮ್ಮ ಯಜಮಾನರು.

"ಎಲ್ಲಿಗೆ?"

"ಬೀಚನಹಳ್ಳಿಗೆ."

ಅವರು ಒಂದು ಗುಟುಕು ಟೀ ಕುಡಿದರು. "ಕಾಡಿಂದ ಸೌದೆ ಕದಿಯೋರ್ನ ಹಿಡಿದಿದ್ದೀನಿ ಕಣ್ರೀ. ಕಾಡಿಗೆ ಸೌದೆ ತಂದು ಕೊಡೋರ್ನ ಇವತ್ತೇ ನೋಡಿದ್ದು. ಹೋಗಿ, ಕಾಡು ಬೆಳೀಲಿ."

ಬೆಡ್‌ಶೀಟು

ಅಕ್ಕ ಬಾಗಿಲಲ್ಲಿ ನಿಂತು "ಬನ್ನಿ" ಅಂದರು. ಅತ್ತೆ ಮುಖ ತಿರುಗಿಸಿದರು. ಯಾವ ಶಪಥವೂ ಇಲ್ಲದ ನನ್ನ ಮಗಳು ಮಾತ್ರ ಒಳಗೆ ನುಗ್ಗಿ ಟಿವಿ ಹಾಕಿಕೊಂಡಳು. ನಮ್ಮ ಯಜಮಾನರು ಟೆಂಟು ಏಳಿಸಲು ನಿಂತರು. ಒಂದು ಕಡೆ ಎತ್ತಿದರೆ ಇನ್ನೊಂದು ಕಡೆ ಮಲಗುತ್ತಿತ್ತು. ಬೀದಿಯವರೆಲ್ಲ ಸೇರಿದರು. ಹಾಸಲೆಂದು ನಾನು ಜೋಡಿಸಿಟ್ಟಿದ್ದ ಬೆಡ್‌ಶೀಟುಗಳಲ್ಲಿ ಒಂದನ್ನು ಒಬ್ಬ ಹೆಂಗಸು ಬಿಡಿಸಿ, ಬೆಳಕಿಗೆ ಹಿಡಿದು, "ಇದೇನು, ಒಗೆದಿರೋ ಅಂಗದೆ. ಡಿಸ್ಕೌಂಟಾ?" ಎಂದು ಕೇಳಿದಳು.

"ಮಾರಕ್ಕಲ್ಲ ಕಣಮ್ಮ. ನಾವು ಈ ಮನೆ ನೆಂಟ್ರು" ಅಂದೆ.

ಅವಳು ಟೆಂಟನ್ನು ನೋಡಿದಳು, ಮನೆಯನ್ನು ನೋಡಿದಳು. "ನೆಂಟ್ರಾ? ಒಳಕ್ಕೆ ಸೇರಿಸ್ಲಿಲ್ವಾ?"

ಬಾಗಿಲಲ್ಲಿದ್ದ ಅಕ್ಕನ ಮುಖ ಕಪ್ಪಿಟ್ಟಿತು. ಒಂದಾಗಿಸಲು ಬಂದ ನಾವೇ ಸಂಬಂಧ ಮುಗಿಸಿ ಹೋಗುತ್ತೇವೆ ಅಂದುಕೊಂಡೆ. ಆ ಹೆಂಗಸು ಮಾತ್ರ ಬೆಡ್‌ಶೀಟು ಕೆಳಗಿಡಲಿಲ್ಲ. "ಓಗ್ಲಿ, ಎಷ್ಟಕ್ಕೆ ಕೊಡ್ತೀರಿ?"

ತವರುಮನೆ

ಸಂಜೆ ಅತ್ತೆ ಟೆಂಟಿನ ಮುಂದೆ ಕಲ್ಲು ಹೂಡಿ ಒಲೆ ಹಚ್ಚಿದರು. ಅಷ್ಟರಲ್ಲಿ ಅಕ್ಕ ಬಟ್ಟೆಯ ಬ್ಯಾಗು ಹಿಡಿದು ಮನೆಯಿಂದ ಹೊರಗೆ ಬಂದರು. ಗಂಡನ ಜೊತೆಗೂ ಜಗಳವಾಯಿತೇನೋ ಎಂದು ಎದ್ದು ನಿಂತೆ. ಅವರು ನೆಟ್ಟಗೆ ಟೆಂಟಿನೊಳಗೆ ಹೋಗಿ ಚಾಪೆ ಮೇಲೆ ಕೂತರು.

"ತವರುಮನೆಗೆ ಬಂದಿವ್ನಿ ಕಣವ್ವ. ಎಷ್ಟು ಕಾಲ ಆಯ್ತು ನೀನು ನನ್ನ ಕರುಸ್ಕೊಂಡು?"

ಅತ್ತೆ ಒಲೆಗೆ ಒಂದು ಸೌದೆ ನೂಕಿದರು. ಒಲೆ ಊದಿದರು. ಕಣ್ಣೊರೆಸಿಕೊಂಡರು. ಈ ಸಲ ಹೊಗೆ ನಿಜವಾಗಿಯೂ ಇತ್ತು. ಆಮೇಲೆ, "ಕೈಕಾಲು ತೊಳ್ಕೊಂಡು ಬಾ ಮಗ, ಮುದ್ದೆ ಮಾಡ್ತೀನಿ" ಅಂದರು.

ಅವತ್ತು ತಾಯಿ ಮಗಳು ಟೆಂಟಿನಲ್ಲಿ ಮಲಗಿದರು, ನಾವು ಮನೆಯೊಳಗೆ.

ಬೆಳಿಗ್ಗೆ, ತವರಿಗೆ ಬಂದ ಮಗಳನ್ನು ಕಳಿಸಿಕೊಡಬೇಕಲ್ಲ. ನಾವು ತಂದಿದ್ದ ಅಕ್ಕಿಯಲ್ಲೇ ಅತ್ತೆ ಮಡಿಲಕ್ಕಿ ಕಟ್ಟಿ, ಕುಂಕುಮವಿಟ್ಟು, ಅಂಗಳ ದಾಟಿಸಿ ಗಂಡನ ಮನೆ ಬಾಗಿಲಿಗೆ ಬಿಟ್ಟರು. ಅಕ್ಕ ಅವರ ಕೈ ಬಿಡಲಿಲ್ಲ. "ಮಗಳನ್ನ ಬುಡಾಕೆ ಬಂದೋರು ಒಂದಿನ ಉಳೀದೆ ಓದ್ರೆ ಊರೋರು ಏನಂದಾರು?"

ಅತ್ತೆ ನಮ್ಮ ಕಡೆ ತಿರುಗಿದರು. "ಪದ್ಧತಿ ಪದ್ಧತಿನೇ ಕಣ್ರಪ್ಪ. ಶಪಥಕ್ಕೋಸ್ಕರ ಪದ್ಧತಿ ಬುಡಕ್ಕಾಯ್ತದಾ?" ಅಂದವರೇ ಬಲಗಾಲಿಟ್ಟು ಒಳಗೆ ಹೋದರು. ನನಗೆ ತಲೆ ಮೇಲಿನ ಸೌದೆ ಹೊರೆ ಇಳಿಸಿದ ಹಾಗಾಯಿತು.

ಖಾಲಿಯಾದ ಟೆಂಟಿಗೆ ಅಕ್ಕನ ಗಂಡ ಬಂದು ಚಕ್ಕಳಮಕ್ಕಳ ಹಾಕಿ ಕೂತರು. "ಅತ್ತೆಮನೆಗೆ ಅಳಿಯ ಬಂದವ್ನೆ. ಕೋಳಿ ಕುಯ್ಯಾಕಿಲ್ವೇನ್ಲಾ?"

"ಕೋಳಿ ಎಲ್ಲದೆ ಭಾವ?" ಅಂದರು ನಮ್ಮ ಯಜಮಾನರು.

"ನಮ್ಮನೆ ಹಿತ್ತಲಲ್ಲಿ ಅವೆ. ಓಗಿ ಕೇಳು."

ನಮ್ಮ ಯಜಮಾನರು ಹೋಗಿ ಬಾಗಿಲಲ್ಲಿ ನಿಂತು ಕೋಳಿ ಕೇಳಿದರು. ಒಳಗೆ ಫ್ಯಾನಿನ ಕೆಳಗೆ ಮಗಳು ಕೊಟ್ಟ ಕಾಫಿ ಕುಡಿಯುತ್ತಿದ್ದ ಅತ್ತೆ ತಲೆಯನ್ನೂ ಎತ್ತಲಿಲ್ಲ.

"ಕೊಡ್ಬೇಡ ಕಣ್ ಮಗ. ಆಚೆ ಟೆಂಟಾಕ್ಕೊಂಡವ್ರು, ಯಾರೋ ಏನೋ."