ಬೆಲ್ಲದ ನೊರೆ

ಹೊನ್ನೂರಪ್ಪನ ಬಾಯಿಂದ ಆ ಒಂದು ಮಾತು ಜಾರದೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಹಿಂದಿನ ದಿನ ಮಾಲೀಕ ಗೋವಿಂದರಾಜ ಫೋನು ಮಾಡಿ, "ವ್ಯಾಪಾರ ಹೆಂಗೈತಲೇ?" ಎಂದು ಕೇಳಿದ್ದ. ಖಾಲಿ ಕುರ್ಚಿಗಳ ನಡುವೆ ನೊಣ ಹೊಡೆಯುತ್ತ ಕೂತಿದ್ದ ಹೊನ್ನೂರಪ್ಪ, "ನಿಲ್ಲಾಕ ಜಾಗ ಇಲ್ಲರೀ ಸಾವ್ಕಾರ್ರ" ಅಂದುಬಿಟ್ಟ. ನಿಜ ಹೇಳಿದರೆ ಮಾಲೀಕ ಬೈಯುತ್ತಾನೆ. ಬೈಸಿಕೊಳ್ಳುವುದು ಯಾರಿಗೆ ಬೇಕು?

ಮರುದಿನ ಮುಂಜಾನೆ ಅದೇ ಮಾತು ಹೆಡೆ ಎತ್ತಿಕೊಂಡು ವಾಪಸು ಬಂತು.

"ಲೇ ಹೊನ್ನೂರ, ಕೊಪ್ಪಳದ ಕುಬೇರಪ್ಪ ಸಾವ್ಕಾರ್ರು ಇವತ್ತು ಮಧ್ಯಾಹ್ನ ಅಂಗಡಿ ನೋಡಾಕ ಬರಾಕತ್ತಾರ. ನಿಲ್ಲಾಕ ಜಾಗ ಇಲ್ಲ ಅಂದಿದ್ದೆಲ್ಲ, ಹಂಗ ಅವರ ಕಿವಿಗೆ ಹಾಕೇನಿ. ತೋರಸು ಈಗ. ಅವರು ತಗೊಂಡ್ರ ಬಚಾವ್. ಇಲ್ಲಾಂದ್ರ ಟ್ಯಾಂಕು ಗುಜರಿಗೆ, ನೀ ಮನಿಗೆ."

ಗಂಗಾವತಿಯಲ್ಲಿ ಅಕ್ಕಿ ನುಚ್ಚು ಹಾಕಿ ಬಿಯರು ಕುದಿಸಿ ಅಲ್ಲಿಯೇ ಮಾರುವ ಈ ಅಂಗಡಿಯನ್ನು ಶುರು ಮಾಡಿದವನು ಅಕ್ಕಿ ಗಿರಣಿಯವರ ಮಗನೊಬ್ಬ. ಗಿರಣಿಯಲ್ಲಿ ಬಾಯ್ಲರು ನೋಡಿಕೊಂಡಿದ್ದ ಹೊನ್ನೂರಪ್ಪನನ್ನು ಕರೆತಂದವನೂ ಅವನೇ. ಮದುವೆ ಗೊತ್ತಾದ ಕೂಡಲೇ ಬೀಗರ ಮರ್ಯಾದೆಗೆ ಹೆದರಿ ಅವನು ಮಾರಿದ. ಕೊಂಡವನು ವಿರೂಪಾಪುರಗಡ್ಡೆಯಲ್ಲಿ ಫಾರಿನ್ನಿನವರಿಗೆ ಗುಡಿಸಲು ಬಾಡಿಗೆ ಕೊಡುತ್ತಿದ್ದವನು. ಅಲ್ಲಿನ ಗುಡಿಸಲುಗಳನ್ನು ಸರ್ಕಾರ ಕೆಡವಿಸಿದ ಮೇಲೆ ಇಲ್ಲಿಗೆ ಬಂದು ಗೋಡೆಗೊಂದು ಗಿಟಾರು ನೇತುಹಾಕಿದ. ವರ್ಷ ತುಂಬುವುದರೊಳಗೆ ಗಿಟಾರು ಹೊತ್ತುಕೊಂಡು ಗೋವಾಕ್ಕೆ ಹೋದ. ಮೂರನೆಯವನು ಇಟ್ಟಂಗಿ ಭಟ್ಟಿಯ ಗೋವಿಂದರಾಜ. ಮಾಲೀಕ ಬದಲಾದಾಗಲೆಲ್ಲ ಬೋರ್ಡು ಬದಲಾಯಿತು, ಗೋಡೆಯ ಬಣ್ಣ ಬದಲಾಯಿತು. ಬದಲಾಗದೆ ಉಳಿದದ್ದು ದೊಡ್ಡ ಟ್ಯಾಂಕು ಮತ್ತು ಹೊನ್ನೂರಪ್ಪ. ಎಮ್ಮೆ ಮಾರಿದವನು ಜೊತೆಗೆ ಹಗ್ಗವನ್ನೂ ಕೊಡುತ್ತಾನಲ್ಲ, ಹಾಗೆ ಅವನನ್ನು ಟ್ಯಾಂಕಿನೊಂದಿಗೆ ಒಪ್ಪಿಸಿ ಹೋಗುತ್ತಿದ್ದರು.

ಗಿರಣಿಗೆ ಮರಳೋಣವೆಂದರೆ ಅಲ್ಲಿ ಗುಂಡಿ ಒತ್ತಿದರೆ ತಾನೇ ಉರಿಯುವ ಬಾಯ್ಲರು ಬಂದಿತ್ತು. ಐವತ್ತು ದಾಟಿದ ಅವನಿಗೆ ಈ ಟ್ಯಾಂಕು ಬಿಟ್ಟರೆ ಬೇರೆ ಒಲೆ ಇರಲಿಲ್ಲ.

ಕುಬೇರಪ್ಪನಿಗೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಎಲ್ಲ ಕಡೆಯೂ ಬಾರುಗಳಿದ್ದವು. ಧಂದೆ ಬಲ್ಲವನು, ಕೊಂಡರೆ ನಡೆಸಿಯೇ ನಡೆಸುತ್ತಾನೆ ಎಂಬ ಆಸೆ ಹೊತ್ತು ಹೊನ್ನೂರಪ್ಪ ಗಿರಾಕಿ ಹುಡುಕಲು ಹೊರಟ. ರಸ್ತೆಯಾಚೆ ಹಸಿರು ಬಲೆ ಹೊದ್ದು ಏಳುತ್ತಿದ್ದ ಹೊಸ ಕಟ್ಟಡದ ಸಿಮೆಂಟು ಧೂಳು ಮುಖಕ್ಕೆ ರಪ್ಪನೆ ಬಡಿಯಿತು. "ಯಾವನದೋ ಏನೋ, ಅವನ ಬಾಯಾಗ ಮಣ್ಣು ಬೀಳ್ಲಿ" ಎಂದು ಶಪಿಸಿ ಮುಂದೆ ನಡೆದ.

ದಿನವೂ ತಪ್ಪದೆ ಬರುತ್ತಿದ್ದ ಗಿರಾಕಿ ಎಂದರೆ ಪಂಕ್ಚರ್ ಅಂಗಡಿಯ ದುರಗೇಶ. ಹೋಗಿ ನೋಡಿದರೆ ಕೇಸರಿ ಪಂಚೆ ಉಟ್ಟು, ಕೊರಳಲ್ಲಿ ಮಾಲೆ ಹಾಕಿಕೊಂಡು ಟ್ಯೂಬು ಉಜ್ಜುತ್ತಿದ್ದ.

"ಯಪ್ಪಾ! ನೀನೂ ಹನುಮ ಮಾಲಿ ಹಾಕಿದೇನಲೇ?"

"ಲೇ ಅನ್ನಬ್ಯಾಡ. ಸ್ವಾಮಿ ಅನ್ನು."

"ಆತು ಸ್ವಾಮಿ. ಇವತ್ತೊಂದಿನ ಬಂದು ಸುಮ್ಮನ ಕೂಡು ಲೇ..."

"ಮತ್ತ ಲೇ! ನಿನ್ನ ಅಂಗಡಿ ಮುಂದ ಹಾಯುವಾಗ ಮೂಗು ಹಿಡಕೊಂಡು ಹೊಕ್ಕೀನಿ ನಾನು. ಅಂಜನಾದ್ರಿ ಹತ್ತಿ, ಮಾಲಿ ಬಿಚ್ಚಿ ಬಂದ ಮ್ಯಾಲ ನೋಡೂಣು."

"ಆವಾಗ ಅಂಗಡೀನ ಇರೂದಿಲ್ಲ!"

ಆಟೋ ಸ್ಟ್ಯಾಂಡಿಗೆ ಹೋದರೆ ಅಲ್ಲೂ ಮಾಲೆ. ಗಿರಣಿಯ ಹಮಾಲರ ಹತ್ತಿರ ಹೋದರೆ ಅಲ್ಲೂ ಕೇಸರಿ. ಕಳೆದ ತಿಂಗಳು ಗಟಾರದಲ್ಲಿ ಮಲಗಿ ಎದ್ದವನೊಬ್ಬ ಕಣ್ಣು ಮುಚ್ಚಿ ಭಜನೆ ಹೇಳಿಸುತ್ತಿದ್ದ. ದೇವರ ಕೆಲಸ, ಬೈಯುವಂತಿಲ್ಲ. ಬೈಯದೇ ಹೊಟ್ಟೆ ತಣ್ಣಗಾಗುವಂತಿಲ್ಲ.

ಚಹಾದಂಗಡಿಯ ಚಾಂದಸಾಬ ಮಾತ್ರ ಕನಿಕರಪಟ್ಟ. "ನಾ ಕುಡ್ಯಾಂಗಿಲ್ಲ, ನಿನಗ ಗೊತ್ತೈತಿ. ಆದ್ರ ಈ ಊರಾಗ ಕುಡದವರಿಗೆಲ್ಲ ಚಾ ಕೊಟ್ಟು ಎಬ್ಬಿಸಿದಾಂವ ನಾನ. ಹೆಂಗ ತೂರಾಡ್ತಾರ, ಹೆಂಗ ಬೀಳ್ತಾರ, ಎಲ್ಲಾ ಮಾಡಿ ತೋರಸ್ತೀನಿ."

"ಬೀಳೂದೇನ್ ಬ್ಯಾಡೋ ಮಾರಾಯ. ಕೂತರ ಸಾಕು."

ಒಬ್ಬ ಸಿಕ್ಕ. ಒಬ್ಬನಿಂದ ಅಂಗಡಿ ತುಂಬೀತೇ? ಸೋತು ಮನೆಗೆ ಬಂದರೆ ಹೆಂಡತಿ ಹಂಪವ್ವ ಬೇರೆಯದೇ ಚಿಂತೆಯಲ್ಲಿದ್ದಳು. ಅವಳ ಮಹಿಳಾ ಸಂಘದ ಸಭೆ ಅವತ್ತೇ ಗುಡಿಯ ಮುಂದಿನ ಸಮುದಾಯ ಭವನದಲ್ಲಿ ನಡೆಯಬೇಕಿತ್ತು. ಅಲ್ಲಿ ಮಾಲೆಯವರು ಅಡುಗೆಯ ಹಂಡೆ ಹೂಡಿದ್ದರು.

"ಇಷ್ಟೂ ಹೆಣ್ಮಕ್ಕಳನ್ನ ಎಲ್ಲಿ ಕೂಡಸ್ಲಿ?"

ಹೊನ್ನೂರಪ್ಪನ ಕಣ್ಣುಗಳು ದೀಪ ಹಚ್ಚಿದಂತಾದವು. "ನಮ್ಮ ಅಂಗಡ್ಯಾಗ ಫ್ಯಾನು ಅದಾವ."

"ಹೆಂಡದಂಗಡ್ಯಾಗ ಸಂಘದ ಸಭೆನಾ? ನಾಚ್ಕಿ ಐತೇನ್ರಿ ನಿಮಗ?"

"ಅಂಗಡಿ ಮುಚ್ಚಿದ್ರ ನಾ ಮನ್ಯಾಗ ಇರ್ತೀನಿ ನೋಡು. ಮುಂಜಾನಿಂದ ಸಂಜಿತನಕ. ದಿನಾ."

ಹಂಪವ್ವ ಗಂಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. "ಎಷ್ಟೊತ್ತಿಗೆ ಬರ್ಬೇಕು?"

ಸಂಘದ ಅಧ್ಯಕ್ಷೆ ಸುಂಕಲಮ್ಮ ಬಾಗಿಲಲ್ಲೇ ನಿಂತು ಷರತ್ತು ಹಾಕಿದಳು. "ಹೊನ್ನೂರಣ್ಣ, ಒಂದು ಹನಿ ಆ ಹೊಲಸು ನಮ್ಮ ಹತ್ರ ಸುಳೀಬಾರದು." ಹೊನ್ನೂರಪ್ಪ ದಪ್ಪ ಗಾಜಿನ ಮಗ್ಗುಗಳನ್ನೆಲ್ಲ ಬೂದಿ ಹಚ್ಚಿ ತಿಕ್ಕಿದ. ಬೆಲ್ಲ ಕರಗಿಸಿ, ನಿಂಬೆಹಣ್ಣು ಹಿಂಡಿ, ಶುಂಠಿ ಜಜ್ಜಿ ಹಾಕಿ, ಬಿಯರಿಗೆ ಬಿಡುವ ಗ್ಯಾಸನ್ನೇ ಅದಕ್ಕೂ ಬಿಟ್ಟ. ಪಾನಕ ಬುಸ್ಸೆಂದು ನೊರೆ ಎದ್ದಿತು. ಬಣ್ಣ, ನೊರೆ ಎರಡೂ ಥೇಟ್ ಬಿಯರು.

"ಅಯ್ಯ, ಎಂಥಾ ತೇಗು ಬಂತವ್ವ! ಹೊಟ್ಟಿ ಹಗುರಾತು" ಎಂದಳು ದುರಗೇಶನ ಹೆಂಡತಿ ಉಡಚಮ್ಮ. ಅಷ್ಟೇ ಸಾಕಾಯಿತು. ಎಲ್ಲರಿಗೂ ಇನ್ನೊಂದೊಂದು ಮಗ್ಗು ಬೇಕಾಯಿತು.

ಬಿಳಿ ಅಂಗಿಯ ಕುಬೇರಪ್ಪ ಕಾರಿನಿಂದಿಳಿದು ಹೊಸ್ತಿಲಲ್ಲಿ ಕಾಲಿಟ್ಟವನು ಅಲ್ಲೇ ನಿಂತ. ಒಳಗೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ರೊಟ್ಟಿ ಮಾರುವುದೋ ಶೇಂಗಾ ಚಟ್ನಿ ಮಾರುವುದೋ ಎಂಬ ಜಗಳದಲ್ಲಿ ಸುಂಕಲಮ್ಮ ಮಗ್ಗಿನಿಂದ ಟೇಬಲ್ಲು ಕುಟ್ಟುತ್ತಿದ್ದಳು. ಅವಳ ಮೇಲ್ದುಟಿಯ ಮೇಲೆ ನೊರೆಯ ಮೀಸೆ ಮೂಡಿತ್ತು. ಚಾಂದಸಾಬ ಮೂಲೆಯ ಕಂಬವನ್ನು ತಬ್ಬಿಕೊಂಡು, "ಅಮ್ಮೀ, ನನ್ನ ಬಿಟ್ಟು ಎಲ್ಲಿ ಹೋಗಿದ್ದಿ?" ಎಂದು ಗೊಳೋ ಅಳುತ್ತಿದ್ದ.

"ಸಾಬಣ್ಣಗ ಏನಾತವ್ವ? ಬೆಲ್ಲ..." ಎಂದು ಉಡಚಮ್ಮ ಬಾಯಿ ತೆರೆದಳು. ಹೊನ್ನೂರಪ್ಪ ಕ್ಷಯ ಹಿಡಿದವನಂತೆ ಕೆಮ್ಮಿ ಆ ಮಾತನ್ನು ಮುಚ್ಚಿದ.

ಅಷ್ಟರಲ್ಲಿ ಸುದ್ದಿ ತಿಳಿದ ದುರಗೇಶ ಓಡಿ ಬಂದು ಕಿಟಕಿಯ ಸರಳು ಹಿಡಿದ. ಒಳಗೆ ಬರಲು ವ್ರತ ಬಿಡದು. "ಉಡಚೀ, ಹೊರಗ ಬಾ!"

"ನೀವು ನಡೀರಿ. ಇದನ್ನ ಮುಗಿಸಿ ಬರ್ತೀನಿ."

ಕುಬೇರಪ್ಪನ ಮುಖ ಕಪ್ಪಿಟ್ಟಿತು. ಬೆರಗಾಗಿರಬೇಕು ಎಂದುಕೊಂಡ ಹೊನ್ನೂರಪ್ಪ.

"ದಿನಾ ಹಿಂಗ ಇರ್ತೈತೇನಪ?"

"ಇದೇನ್ರೀ! ಮಾಲಿ ಮುಗೀಲಿ, ಗಂಡಸರೂ ಬರ್ತಾರ. ಆವಾಗ ನೋಡ್ರಿ."

"ಕೊಪ್ಪಳದ ಕಡೆಯಿಂದಾನೂ ಬರ್ತಾರ?"

"ಕುಷ್ಟಗಿ, ಯಲಬುರ್ಗಾದಿಂದ ಬಸ್ ಹತ್ತಿ ಬರ್ತಾರ್ರೀ ಸಾವ್ಕಾರ್ರ! ಇಲ್ಲೀದು ಕುಡದ್ರ ಅಲ್ಲೀದು ಸಪ್ಪಗ ಅನಸ್ತೈತಂತ."

ಕುಬೇರಪ್ಪ ಸರಕ್ಕನೆ ತಿರುಗಿ ಕಾರು ಹತ್ತಿದ. ತಾಸು ಹೊತ್ತಿನಲ್ಲಿ ಗೋವಿಂದರಾಜನ ಫೋನು ಬಂತು. "ಮುಗೀತಲೇ ಹೊನ್ನೂರ! ಚೌಕಾಸಿ ಸೈತ ಮಾಡ್ಲಿಲ್ಲ ಪುಣ್ಯಾತ್ಮ!"

ಹೊನ್ನೂರಪ್ಪ ಟ್ಯಾಂಕಿಗೆ ಕುಂಕುಮ ಹಚ್ಚಿದ. ಸಭೆ ಮುಗಿಸಿ ಹೊರಟ ಹೆಣ್ಣುಮಕ್ಕಳಿಗೆ ಕೈಮುಗಿದ. ನಾಳೆ ಹೊಸ ನುಚ್ಚು ತರಿಸಬೇಕು, ಹೊಸ ಬೋರ್ಡಿಗೆ ಪೇಂಟರಿಗೆ ಹೇಳಬೇಕು ಎಂದು ಲೆಕ್ಕ ಹಾಕುತ್ತ ನೆಲ ಒರೆಸಿದ.

ಹೊತ್ತು ಇಳಿಯುವಾಗ ಕುಬೇರಪ್ಪ ಮತ್ತೆ ಬಂದ. ಈ ಸಲ ಅವನ ಕೈಯಲ್ಲಿ ತೆಂಗಿನಕಾಯಿ ಗಾತ್ರದ ಬೀಗವಿತ್ತು.

"ಟ್ಯಾಂಕಿನಾಗ ಇದ್ದದ್ದನ್ನ ಗಟಾರಕ್ಕ ಬಿಡು, ಹೊನ್ನೂರಪ್ಪ."

"ಯಾಕ್ರೀ? ಬ್ಯಾರೆ ನಮೂನಿ ಮಾಡೂಣೇನ್ರಿ?"

"ಏನೂ ಮಾಡೂದಿಲ್ಲ. ಮುಚ್ಚೂದು." ಕುಬೇರಪ್ಪ ರಸ್ತೆಯಾಚೆಯ ಹಸಿರು ಬಲೆಯ ಕಟ್ಟಡದ ಕಡೆ ಕೈ ತೋರಿಸಿದ. "ಅದು ನಂದು. ಬರೋ ತಿಂಗಳು ಬಾರ್ ಚಾಲೂ. ಗಿರಾಕಿ ಇಲ್ಲದ ಅಂಗಡಿ ಅಂತ ಮೊದಲ ಕೇಳಿದ್ದೆ. ಗೋವಿಂದರಾಜ ನಿಲ್ಲಾಕ ಜಾಗ ಇಲ್ಲ ಅಂದ, ಅದಕ್ಕ ನೋಡಾಕ ಬಂದೆ. ಖಾಲಿ ಇದ್ದಿದ್ರ ನನಗ್ಯಾಕ ಬೇಕಿತ್ತು? ಅದರ ಪಾಡಿಗೆ ಅದು ತೆವಳಿಕೋತ ಇರ್ತಿತ್ತು, ನೀನೂ ಇರ್ತಿದ್ದಿ. ಹೆಣ್ಮಕ್ಕಳು ಗಂಡನ ಮಾತು ಕೇಳದಂಗ ಕುಡಿಯೋ ಅಂಗಡಿ ಎದುರಿಗೆ ನನ್ನ ಬಾರು ಉಳೀತೈತೇನು? ಮಾಲಿ ಹಾಕಿದಾಂವ ಸೈತ ಕಿಟಕ್ಯಾಗ ಜೋತು ಬಿದ್ದಿದ್ದ!"

ಹೊನ್ನೂರಪ್ಪ ಅವನ ಕಾಲಿಗೆ ಬಗ್ಗಿದ. "ಸಾವ್ಕಾರ್ರ, ನಿಮ್ಮ ಪಾದ ಹಿಡೀತೀನಿ. ಅದು ಬಿಯರಲ್ರೀ, ಬೆಲ್ಲದ ಪಾನಕ! ಇಲ್ಲಿಗೆ ನರಪಿಳ್ಳಿ ಬರಂಗಿಲ್ಲ. ಭಾಳ ದಿನಾ ಆತು, ನೊಣ ಹೊಡ್ಯಾಕತ್ತೀನಿ!"

ಕುಬೇರಪ್ಪ ನಕ್ಕ. "ಕೆಲಸ ಉಳಿಸಿಕೊಳ್ಳಾಕ ಎಂಥೆಂಥ ಸುಳ್ಳು ಹೇಳ್ತೀಯಪ. ಪಾನಕಾ ಕುಡದು ಆ ಸಾಬ ಕಂಬಾ ತಬ್ಬಿದ್ನೇನು?"

ಕೀಲಿಕೈ ಕುಣಿಸುತ್ತ ಅವನು ಕಾದು ನಿಂತ. ಹೊನ್ನೂರಪ್ಪ ತನ್ನ ಕೈಯಾರೆ ನಳ ತಿರುಗಿಸಿದ. ತಾನೇ ಕಾಯಿಸಿದ್ದು, ತಾನೇ ಕಾದು ಕೂತು ಹುಳಿ ಬರಿಸಿದ್ದು, ಗಟಾರದ ತುಂಬ ಬೆಳ್ಳಗೆ ಉಕ್ಕಿ ಹರಿಯಿತು. ಭಜನೆಗೆ ಹೊರಟಿದ್ದ ಮಾಲೆಯವರು ಮೂಗು ಮುಚ್ಚಿಕೊಂಡು ದಾಟಿದರು. ದುರಗೇಶ ಮಾತ್ರ ಒಂದು ಗಳಿಗೆ ಅಲ್ಲಿಯೇ ನಿಂತ. ಉಸಿರು ಹಿಡಿದಿದ್ದನೋ, ಎಳೆದುಕೊಂಡನೋ, ದೇವರೇ ಬಲ್ಲ.

ಬೀಗ ಬಿತ್ತು. ಕಾರು ಹೋಯಿತು. ಕಟ್ಟೆಯ ಮೇಲೆ ಕೂರೋಣವೆಂದರೆ ಗಟಾರದ ನೊರೆ ಅಲ್ಲಿಗೂ ಏರಿತ್ತು. ಹೊನ್ನೂರಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ರಸ್ತೆಯ ಅಂಚಿನಲ್ಲಿ ನಿಂತಿರುವಾಗ ಹಂಪವ್ವನ ಫೋನು ಬಂತು. ಹಿಂದಿನಿಂದ ಹೆಂಗಸರ ನಗು ಕೇಳುತ್ತಿತ್ತು.

"ರೀ, ಸಂಘದವರಿಗೆಲ್ಲ ಭಾಳ ಛಲೋ ಅನಸೇತಿ. ಇನ್ನ ಸಭೆ ಎಲ್ಲಾ ಅಲ್ಲೇ ಅಂತ ಸುಂಕಲಮ್ಮ ಠರಾವು ಮಾಡ್ಸಿದ್ಲು. ನಾಳೆ ಹನುಮಸಾಗರದ ಸಂಘದವರೂ ಬರ್ತಾರಂತ ಪಾನಕಾ ಕುಡ್ಯಾಕ. ಜಾಗ ಆಗ್ತೈತಿಲ್ಲ?"

ಹೊನ್ನೂರಪ್ಪ ಬೀಗದ ಕಡೆ ನೋಡಿದ. ಗಾರೆಯವನೊಬ್ಬ ಎದುರಿನ ಕಟ್ಟಡದಿಂದ, "ಏ ಯಜಮಾನ್ರ, ಅಲ್ಲಿ ನಿಂದರಬ್ಯಾಡ್ರಿ, ಉಸುಕಿನ ಟ್ರ್ಯಾಕ್ಟರು ಬರ್ತೈತಿ!" ಎಂದು ಕೂಗುತ್ತಿದ್ದ.

"ಇಲ್ಲ ಬಿಡು," ಎಂದ ಹೊನ್ನೂರಪ್ಪ. ಆ ದಿನ ಅವನು ಹೇಳಿದ ಎರಡನೆಯ ನಿಜ ಅದು. "ನಿಲ್ಲಾಕ ಜಾಗ ಇಲ್ಲ."